ಎಲೆಕ್ಟ್ರಿಕ್ ಕಾರ್ ಬುಕ್ ಮಾಡೋ ಮುಂಚೆ ಜುಲೈ ತಿಂಗಳ ಲೆಕ್ಕ ಹಾಕಿ

ಕಾಫಿ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರೋದು ಫೆಬ್ರವರಿ ಮಾರ್ಚ್ ಹೊತ್ತಿಗೆ, ಕೊಡಗಲ್ಲಿ ಹೊಸ ಕಾರಿನ ಮಾತು ಶುರುವಾಗೋದೂ ಆಗ್ಲೇ. ಈಗಂತೂ ಬೆಂಗಳೂರಲ್ಲಿರೋ ಮಕ್ಕಳು ಫೋನ್ ಮಾಡಿ ‘ಅಪ್ಪಾ, ಈ ಸಲ ಪೆಟ್ರೋಲ್ ಬೇಡ, ಇವಿ ನೋಡಿ’ ಅಂತಾರೆ, ಅಪ್ಪ ಶೋರೂಮಿಗೆ ಹೋಗಿ ಒಂದ್ ರೌಂಡ್ ಓಡ್ಸಿ ಬರ್ತಾರೆ, ಗೇರ್ ಇಲ್ಲ ಸದ್ದಿಲ್ಲ ಏರು ಸುಮ್ನೆ ಹತ್ತುತ್ತೆ ಅಂತ ಖುಷಿಯಾಗಿ ಅಡ್ವಾನ್ಸ್ ಕೊಡೋ ಹಂತಕ್ಕೆ ಬಂದ್ಬಿಡ್ತಾರೆ. ಮಾರ್ಚಲ್ಲಿ ರೋಡ್ ಒಣಗಿರುತ್ತೆ, ಕರೆಂಟೂ ಪರವಾಗಿಲ್ಲ, ಎಲ್ಲಾ ಚೆನ್ನಾಗೇ ಕಾಣುತ್ತೆ. ನಾನು ಹೇಳೋದು ಇಷ್ಟೇ, ಕಾರ್ ನೋಡೋದು ಮಾರ್ಚಲ್ಲಾದ್ರೂ ಲೆಕ್ಕ ಹಾಕೋದು ಮಾತ್ರ ಜುಲೈ ತಿಂಗಳನ್ನ ಮನಸ್ಸಲ್ಲಿ ಇಟ್ಕೊಂಡು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದ್ಲು ನಿಮ್ಮ ಓಡಾಟ ಬರೆದಿಡಿ

ಒಂದು ತಿಂಗಳು ಈಗಿರೋ ಗಾಡಿಯ ಕಿಲೋಮೀಟರ್ ಬರೀರಿ, ಅಂದಾಜು ಬೇಡ, ಮೀಟರ್ ನೋಡಿ ಬರೀರಿ. ಅದನ್ನ ಎರಡು ಭಾಗ ಮಾಡಿ. ದಿನಾ ಓಡಾಡೋದು ಒಂದು, ಅಂದ್ರೆ ಮಕ್ಕಳ ಸ್ಕೂಲು, ಗೋಣಿಕೊಪ್ಪ ಸಂತೆ, ವಿರಾಜಪೇಟೆಯಿಂದ ಮಡಿಕೇರಿ ಕಚೇರಿ ಕೆಲಸ, ಇದು ಹೋಗಿಬಂದ್ರೂ 60–70 ಕಿ.ಮೀ. ದಾಟೋದು ಕಮ್ಮಿ, ಇದಕ್ಕೆ ಈಗ ಮಾರ್ಕೆಟ್ಟಲ್ಲಿರೋ ಸಣ್ಣ ಇವಿ ಕೂಡ ಆರಾಮಾಗಿ ಸಾಕು. ಇನ್ನೊಂದು ದೂರದ್ದು. ಮಡಿಕೇರಿಯಿಂದ ಮೈಸೂರು 120 ಕಿ.ಮೀ. ಹತ್ರ, ಮಂಗಳೂರು 140ರ ಹತ್ರ, ಬೆಂಗಳೂರು 260 ಮೇಲೆ. ನಮ್ಮ ಜಿಲ್ಲೆಗೆ ರೈಲಿಲ್ಲ, ದೊಡ್ಡ ಆಸ್ಪತ್ರೆ ಅಂದ್ರೂ ಮೈಸೂರೋ ಮಂಗಳೂರೋ ಅಂತ ಓಡ್ಬೇಕು, ಹಾಗಾಗಿ ಈ ಎರಡನೇ ಭಾಗವನ್ನ ‘ಅಪರೂಪಕ್ಕೆ ತಾನೇ’ ಅಂತ ಬಿಡೋಕಾಗಲ್ಲ.

ರೇಂಜ್, ಅಂದ್ರೆ ಒಂದ್ಸಲ ಪೂರ್ತಿ ಚಾರ್ಜ್ ಮಾಡಿದ್ರೆ ಎಷ್ಟು ದೂರ ಓಡುತ್ತೆ ಅನ್ನೋ ವಿಷಯಕ್ಕೆ ಬಂದ್ರೆ, ಜಾಹೀರಾತಲ್ಲಿ ಬರೆದಿರೋದು ಲ್ಯಾಬ್ ಟೆಸ್ಟಿನ ನಂಬರ್. ಟಾಟಾ ನೆಕ್ಸಾನ್ ಇವಿ 45 ಯೂನಿಟ್ (ಕಂಪನಿಯವರು kWh ಅಂತ ಬರೀತಾರೆ) ಬ್ಯಾಟರಿದು 489 ಕಿ.ಮೀ. ಅಂತಿರುತ್ತೆ, ನೀವು 300ರಿಂದ 330 ಅಂತ ಹಿಡ್ಕೊಳ್ಳಿ. ಯಾವ ಕಂಪನಿದಾದ್ರೂ ಅಷ್ಟೇ, ಹೇಳಿದ್ರಲ್ಲಿ ಮೂರನೇ ಎರಡು ಭಾಗ ಅಂದ್ಕೊಂಡ್ರೆ ಮೋಸ ಹೋಗಲ್ಲ.

ಘಾಟಿ ಎಷ್ಟು ತಿನ್ನುತ್ತೆ

ಇದನ್ನ ಬಯಲುಸೀಮೆಯವರು ಬರೆಯೋ ರಿವ್ಯೂಗಳಲ್ಲಿ ಯಾರೂ ಹೇಳಲ್ಲ, ನಮಗೆ ಮಾತ್ರ ಇದೇ ಮುಖ್ಯ. ಮಂಗಳೂರಿಂದ ವಾಪಸ್ ಬರ್ತಿದ್ದೀರಿ ಅಂತಿಟ್ಕೊಳ್ಳಿ. ಸಂಪಾಜೆವರೆಗೂ ಪರ್ಸೆಂಟೇಜ್ ನಿಧಾನಕ್ಕೆ ಇಳಿಯುತ್ತೆ, ಅಲ್ಲಿಂದ ಮಡಿಕೇರಿಗೆ ಸುಮಾರು 1000 ಮೀಟರ್ ಎತ್ತರ ಹತ್ಬೇಕು, ದಾರಿ 30 ಕಿ.ಮೀ. ಒಳಗೇ. ಕಾರು, ಐದು ಜನ, ಡಿಕ್ಕಿ ತುಂಬಾ ಸಾಮಾನು ಎಲ್ಲಾ ಸೇರಿ 1800 ಕೆ.ಜಿ. ಅಂದ್ರೆ ಅಷ್ಟು ಭಾರ ಅಷ್ಟೆತ್ತರ ಏರಿಸೋಕೇ 5 ಯೂನಿಟ್ ಕರೆಂಟ್ ಬೇಕು, ಮೋಟರಿನ ನಷ್ಟ ಸೇರಿಸಿದ್ರೆ ಆರರ ಹತ್ರ, ಮಾಮೂಲಿ ಓಡೋದಕ್ಕೆ ಬೇಕಾದ ನಾಲ್ಕು ಯೂನಿಟ್ ಬೇರೆ. ಒಟ್ಟು 10 ಯೂನಿಟ್. ನಿಮ್ಮದು 30 ಯೂನಿಟ್ ಬ್ಯಾಟರಿ ಆದ್ರೆ ಆ ಒಂದು ಘಾಟೀಲೇ ಮೂರರಲ್ಲಿ ಒಂದು ಭಾಗ ಖಾಲಿ, 45ದಾದ್ರೆ ಕಾಲುಭಾಗಕ್ಕಿಂತ ಕಮ್ಮಿ. ಅದಕ್ಕೇ ಮಂಗಳೂರು ಕಡೆ ಪದೇ ಪದೇ ಹೋಗೋರಿಗೆ ನಾನು ಸಣ್ಣ ಬ್ಯಾಟರಿ ಬೇಡ ಅಂತೀನಿ, ಎಷ್ಟೇ ದುಡ್ಡು ಉಳಿಯಲಿ. ಕುಶಾಲನಗರದಿಂದ ಮಡಿಕೇರಿಗೆ ಇಷ್ಟಿಲ್ಲ, 300 ಮೀಟರ್ ಏರು ಅಷ್ಟೇ, ಏರಿನ ಖರ್ಚು ಎರಡು ಯೂನಿಟ್ ಒಳಗೆ ಮುಗಿಯುತ್ತೆ.

ಇಳಿಯುವಾಗ ಏರಿಗೆ ಹೋದದ್ರಲ್ಲಿ ಒಂದಷ್ಟು ವಾಪಸ್ ಬರುತ್ತೆ, ಮೋಟರೇ ಬ್ರೇಕ್ ಹಿಡಿದು ಬ್ಯಾಟರಿ ತುಂಬಿಸುತ್ತೆ, ಬ್ರೇಕ್ ಪ್ಯಾಡೂ ಅಷ್ಟಾಗಿ ಸವೆಯಲ್ಲ. ಆದ್ರೆ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಕೊಳ್ಳಿ: ಮಡಿಕೇರಿಲಿ ರಾತ್ರಿಯೆಲ್ಲಾ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಗ್ಗೆ ನೇರ ಸಂಪಾಜೆ ಇಳಿದ್ರೆ ತುಂಬಿದ ಬ್ಯಾಟರಿಗೆ ಇನ್ನು ಜಾಗ ಇರಲ್ಲ, ಆಗ ಮೋಟರ್ ಬ್ರೇಕ್ ಸರಿಯಾಗಿ ಹಿಡಿಯಲ್ಲ, ಗಾಡಿ ಪೂರ್ತಿ ಕಾಲಿನ ಬ್ರೇಕ್ ಮೇಲೇ ಬರುತ್ತೆ. ಗುಡ್ಡದ ಮೇಲಿರೋರು ಘಾಟಿ ಇಳಿಯೋ ದಿನ 85–90ಕ್ಕೆ ನಿಲ್ಲಿಸೋದು ವಾಸಿ. ಕೆಲವು ಬ್ಯಾಟರಿಗೆ ಆಗಾಗ ಪೂರ್ತಿ ಚಾರ್ಜ್ ಮಾಡಿ ಅಂತ ಕಂಪನಿಯೇ ಹೇಳುತ್ತೆ, ಅದನ್ನ ಮನೆ ಹತ್ರ ಓಡಾಡೋ ದಿನಕ್ಕೆ ಇಟ್ಕೊಳ್ಳಿ.

ಈಗ ಮನೆ ಕರೆಂಟು

ಎಲ್ಲಾದಕ್ಕಿಂತ ದೊಡ್ಡ ಪರೀಕ್ಷೆ ಇದು. ಗೀಸರಿಗೆ ಹಾಕಿರ್ತಾರಲ್ಲ, ಆ 15 ಆಂಪಿಯರ್ ಪಾಯಿಂಟಲ್ಲೇ ಕಾರ್ ಚಾರ್ಜ್ ಆಗುತ್ತೆ, ಗಂಟೆಗೆ ಮೂರು ಯೂನಿಟ್ ಒಳಗೆ ಹತ್ತುತ್ತೆ, ರಾತ್ರಿ 9ಕ್ಕೆ ಹಾಕಿ ಬೆಳಗ್ಗೆ 6ಕ್ಕೆ ತೆಗೆದ್ರೆ 150 ಕಿ.ಮೀ. ಓಡೋಷ್ಟು. ಮನೆಗೆ ಇಷ್ಟು ಸಾಕು, 7 ಕಿಲೋವ್ಯಾಟಿನ ಗೋಡೆ ಚಾರ್ಜರ್ ಕೊಟ್ರೆ ಒಳ್ಳೇದು, ಕೊಡದಿದ್ರೂ ನಷ್ಟವಿಲ್ಲ. ಆದ್ರೆ ಆ ಪಾಯಿಂಟ್ ಹಳೇ ವೈರಿಂದ ಎಳೆದಿದ್ದಾಗಬಾರ್ದು. ಮೀಟರ್ ಬೋರ್ಡಿಂದ ಕಾರ್ ನಿಲ್ಲೋ ಶೆಡ್ಡಿಗೆ ಬೇರೆ ದಪ್ಪ ವೈರು, ಬೇರೆ ಎಂಸಿಬಿ, ಜೊತೆಗೆ ಶಾಕ್ ಹೊಡೆದ್ರೆ ತಕ್ಷಣ ಬೀಳೋ ಆರ್‌ಸಿಸಿಬಿ. ಗಂಟೆಗಟ್ಲೆ ಒಂದೇ ಸಮ ಕರೆಂಟ್ ಹರಿಯೋದ್ರಿಂದ ಸಡಿಲ ಪಾಯಿಂಟ್ ಕಾಯ್ದು ಕರಗಿಹೋಗುತ್ತೆ, ಐನ್‌ಮನೆ (ಕೊಡವರ ಹಳೇ ಕುಟುಂಬದ ಮನೆ) ತರದ ಮರದ ಅಟ್ಟ ಇರೋ ಕಡೆ ಇದರ ಬಗ್ಗೆ ಸ್ವಲ್ಪವೂ ಸಡಿಲ ಬಿಡಬೇಡಿ.

ಅರ್ಥಿಂಗ್ ಸರಿ ಇಲ್ಲ ಅಂದ್ರೆ ಚಾರ್ಜರ್ ಕೆಂಪು ಲೈಟ್ ಹಾಕಿ ಕೂತ್ಬಿಡುತ್ತೆ. ನಮ್ಮ ಕಡೆ ಎಷ್ಟೋ ಮನೇಲಿ ಅರ್ಥಿಂಗ್ ಗುಂಡಿ ಎಲ್ಲಿದೆ ಅಂತಾನೇ ಗೊತ್ತಿರಲ್ಲ, ಬೇಸಿಗೇಲಿ ಮಣ್ಣು ಒಣಗಿದಾಗ ಅದು ಇನ್ನೂ ಕೈಕೊಡುತ್ತೆ. ಹೊಸದಾಗಿ ಹಾಕ್ಸಿ, ಕಾರಿನ ಬೆಲೆ ಮುಂದೆ ಅದರ ಖರ್ಚು ಲೆಕ್ಕಕ್ಕಿಲ್ಲ.

ಆಮೇಲೆ ವೋಲ್ಟೇಜ್. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರ, ಲೈನಿನ ಕೊನೇಲಿರೋ ತೋಟದ ಮನೆ ಆದ್ರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಸಂಜೆ 7ರ ಹೊತ್ತಿಗೆ ಅಳೆಸಿ, ಕಾಫಿ ಹೂ ಅರಳ್ಸೋಕೆ ಸ್ಪ್ರಿಂಕ್ಲರ್ ಓಡೋ ಫೆಬ್ರವರಿ ಮಾರ್ಚಲ್ಲಿ ಸುತ್ತಮುತ್ತ ಮೋಟರೆಲ್ಲಾ ಆನ್ ಆದಾಗ ಇನ್ನೊಂದ್ಸಲ ಅಳೆಸಿ. 230 ಇರ್ಬೇಕಾದ್ದು 180ಕ್ಕೆ ಇಳಿದಿದ್ರೆ ಚಾರ್ಜಿಂಗ್ ನಿಧಾನ ಆಗುತ್ತೆ, ಇಲ್ಲಾ ನಿಂತೇ ಹೋಗುತ್ತೆ. ಪಂಪ್‌ಸೆಟ್ ಕನೆಕ್ಷನ್ನಿಗೆ ಕಾರ್ ಹಾಕೋ ಯೋಚನೆ ಯಾರೂ ಮಾಡ್ಬೇಡಿ, ಅದು ಕೊಟ್ಟಿರೋದು ನೀರಿಗೆ, ಸಿಕ್ಕಿಬಿದ್ರೆ ದಂಡ.

ಇನ್ನು ಮಳೆಗಾಲ. ಮರ ಬಿದ್ದು ಲೈನ್ ಹರಿದು ಕರೆಂಟ್ ದಿನಗಟ್ಲೆ ಹೋಗೋದು ನಮಗೆ ಹೊಸದಲ್ಲ, 2018, 2019ರ ಮಳೆ ಯಾರೂ ಮರೆತಿಲ್ಲ. ಹೋದ ಮಳೆಗಾಲದಲ್ಲಿ ನಿಮ್ಮನೇಲಿ ಒಟ್ಟಿಗೆ ಎಷ್ಟು ದಿನ ಕರೆಂಟ್ ಇರ್ಲಿಲ್ಲ ಅಂತ ಮನೆಯವರನ್ನೇ ಕೇಳಿ, ಸಾಮಾನ್ಯವಾಗಿ ಅಡುಗೆಮನೆ ನೋಡ್ಕೊಳ್ಳೋರಿಗೆ ಇದು ಸರಿಯಾಗಿ ನೆನಪಿರುತ್ತೆ. ಒಂದೆರಡು ದಿನ ಅಂದ್ರೆ ತೊಂದ್ರೆ ಇಲ್ಲ. ನಾಲ್ಕೈದು ದಿನ, ವಾರ ಅಂದ್ರೆ ಮನೇಲಿ ಇನ್ನೊಂದು ಗಾಡಿ ಇರ್ಲೇಬೇಕು. ಮನೆ ಇನ್ವರ್ಟರ್ ಕಾರಿಗೆ ಏನೂ ಸಾಲಲ್ಲ. 5 ಕೆವಿಎ ಜನರೇಟರ್ ಇದ್ರೆ ನಿಧಾನಕ್ಕೆ ಚಾರ್ಜ್ ಮಾಡ್ಬಹುದು, ಆದ್ರೆ ಜನರೇಟರಿನ ನ್ಯೂಟ್ರಲ್ಲಿಗೆ ಅರ್ಥಿಂಗ್ ಕೊಟ್ಟಿಲ್ಲ ಅಂದ್ರೆ ಅದೇ ಕೆಂಪು ಲೈಟು.

ಇದಕ್ಕೆ ಇನ್ನೊಂದು ಮುಖನೂ ಇದೆ, ನನಗೆ ಇವಿಲಿ ತುಂಬಾ ಇಷ್ಟ ಆಗಿದ್ದೂ ಅದೇ. ನೆಕ್ಸಾನ್ ಇವಿ, ಕ್ರೆಟಾ ಎಲೆಕ್ಟ್ರಿಕ್ ತರದ ಕೆಲವು ಕಾರುಗಳಿಂದ ಕರೆಂಟ್ ಹೊರಗೆ ತಗೋಬಹುದು. ಫ್ರಿಜ್ಜು, ನಾಲ್ಕು ಬಲ್ಬು, ಮೊಬೈಲು ಸೇರಿ ದಿನಕ್ಕೆ ಎರಡು ಯೂನಿಟ್ ಸುತ್ತಮುತ್ತ ಆಗುತ್ತೆ, ಬ್ಯಾಟರಿಲಿ ಹತ್ತು ಯೂನಿಟ್ ಇದಕ್ಕೆ ಅಂತ ಬಿಟ್ರೂ ನಾಲ್ಕೈದು ದಿನ ಮನೆ ನಡೆಯುತ್ತೆ. ಎಲ್ಲಾ ವೇರಿಯಂಟಲ್ಲೂ ಈ ಸೌಲಭ್ಯ ಇರಲ್ಲ, ಕೇಳಿ ತಗೊಳ್ಳಿ. ಆದ್ರೆ ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು ಬೇಕಾದ್ದನ್ನ ಅದಕ್ಕೇ ಹಾಕಿ, ಆ ಕರೆಂಟನ್ನ ತಗೊಂಡು ಮನೆ ಗೋಡೆ ಪಾಯಿಂಟಿಗೆ ಮಾತ್ರ ಕೊಡ್ಲೇಬೇಡಿ, ಅದು ಹಿಂದಕ್ಕೆ ಲೈನಿಗೆ ಹರಿದು, ಮಳೇಲಿ ಕಂಬ ಹತ್ತಿರೋ ಲೈನ್‌ಮ್ಯಾನ್ ಜೀವಕ್ಕೇ ಬರುತ್ತೆ.

ದುಡ್ಡಿನ ಲೆಕ್ಕ, ಗೃಹಜ್ಯೋತಿ ಸೇರಿಸಿ

ತಿಂಗಳಿಗೆ 1000 ಕಿ.ಮೀ. ಅಂತಿಟ್ಕೊಳ್ಳಿ. ನಮ್ಮ ಏರುತಗ್ಗಲ್ಲಿ ಪೆಟ್ರೋಲ್ ಕಾರ್ ಲೀಟರಿಗೆ 12–13 ಕೊಟ್ರೆ ಜಾಸ್ತಿ, ಅಂದ್ರೆ 80 ಲೀಟರ್, 8 ಸಾವಿರ ದಾಟುತ್ತೆ. ಇವಿಗೆ ಚಾರ್ಜಿಂಗ್ ನಷ್ಟ ಸೇರಿ 160 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಹಿಡಿದ್ರೂ 1100 ಚಿಲ್ಲರೆ.

ಇಲ್ಲಿ ಜನ ಮರೆಯೋದು ಗೃಹಜ್ಯೋತಿ. 2023ರಲ್ಲಿ ಶುರುವಾದಾಗಿಂದ ಎಷ್ಟೋ ಮನೆಗೆ ಸೊನ್ನೆ ಬಿಲ್ ಬರ್ತಿದೆ, ಆದ್ರೆ ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಾವೇ ಕಟ್ಬೇಕು. ಮನೆಗೆ 70 ಯೂನಿಟ್ ಆಗ್ತಿದ್ರೆ ಕಾರಿನ 160 ಸೇರಿ 230, ಅಲ್ಲಿಗೆ ಸೊನ್ನೆ ಬಿಲ್ ಹೋಯ್ತು, ಬಳಕೆದೇ 1600 ಆಗುತ್ತೆ, ನಿಗದಿತ ಶುಲ್ಕ ಬೇರೆ. ಅದಕ್ಕೆ ಇವಿಗೆ ಅಂತಲೇ ಬೇರೆ ಮೀಟರ್ ತಗೊಂಡ್ರೆ ಹೇಗೆ, ಅದರ ದರ ಎಷ್ಟು, ಲೋಡ್ ಜಾಸ್ತಿ ಮಾಡಿಸ್ಬೇಕಾ ಅಂತ ಸೆಸ್ಕ್ (ನಮ್ಮ ಕಡೆ ಕರೆಂಟ್ ಕಂಪನಿ) ಸೆಕ್ಷನ್ ಆಫೀಸಲ್ಲಿ ಕಾರ್ ಬುಕ್ ಮಾಡೋ ಮುಂಚೆ ಕೇಳ್ಕೊಂಡು ಬನ್ನಿ.

ಇದೆಲ್ಲಾ ಸೇರಿದ್ರೂ ತಿಂಗಳಿಗೆ 6 ಸಾವಿರದ ಹತ್ರ ಉಳಿಯುತ್ತೆ, ವರ್ಷಕ್ಕೆ 70 ಸಾವಿರ. ಅದೇ ಸೈಜಿನ ಪೆಟ್ರೋಲ್ ಕಾರಿಗಿಂತ ಇವಿ 3 ಲಕ್ಷ ಜಾಸ್ತಿ ಇದ್ರೆ ನಾಲ್ಕೂವರೆ ವರ್ಷಕ್ಕೆ ಸರಿಹೋಯ್ತು. ಆದ್ರೆ ತಿಂಗಳಿಗೆ 400 ಕಿ.ಮೀ. ಅಷ್ಟೇ ಓಡೋ ಮನೆ ಆದ್ರೆ ಒಂಬತ್ತು ಹತ್ತು ವರ್ಷ ಬೇಕು, ಅಂಥೋರು ದುಡ್ಡು ಉಳಿಸೋ ಆಸೆಗೆ ಇವಿ ತಗೋಬೇಡಿ. ಇವಿಗೆ ಜಿಎಸ್‌ಟಿ ಶೇ 5 ನಿಜ, ಆದ್ರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳದೂ ಶೇ 18ಕ್ಕೆ ಇಳಿದಿರೋದ್ರಿಂದ ಹಳೇ ಹೋಲಿಕೆ ನೋಡ್ಬೇಡಿ, ಇವತ್ತಿನ ರೇಟ್ ಇಟ್ಕೊಂಡು ಲೆಕ್ಕ ಮಾಡಿ. ಇವಿ ಮೇಲಿನ ರೋಡ್ ಟ್ಯಾಕ್ಸೂ ಹಾಗೇ, 2024ರಲ್ಲಿ 25 ಲಕ್ಷದ ಮೇಲಿನ ಗಾಡಿಗೆ ನಮ್ಮ ರಾಜ್ಯದಲ್ಲಿ ಶೇ 10 ಹಾಕಿದ್ರು, ನಿಯಮ ಬದಲಾಗ್ತಾ ಇರುತ್ತೆ, ಬುಕ್ ಮಾಡೋ ದಿನದ ಆನ್‌ರೋಡ್ ರೇಟನ್ನ ಬರೆಸಿಕೊಳ್ಳಿ. ಬ್ಯಾಟರಿ ಬಾಡಿಗೆ ಅಂತ ಕಾರಿನ ಬೆಲೆ ಕಮ್ಮಿ ತೋರ್ಸಿದ್ರೆ ಕಿ.ಮೀ.ಗೆ ಎಷ್ಟು, ತಿಂಗಳಿಗೆ ಕನಿಷ್ಠ ಇಷ್ಟು ಓಡ್ಸಲೇಬೇಕು ಅಂತ ಷರತ್ತಿದ್ಯಾ, ಅದನ್ನ ಓದದೆ ಸೈನ್ ಹಾಕ್ಬೇಡಿ.

ದಾರಿಲಿ ಚಾರ್ಜು

ಮೈಸೂರು ರಸ್ತೇಲಿ, ಕುಶಾಲನಗರ, ಮಡಿಕೇರಿ ಕಡೆ ಫಾಸ್ಟ್ ಚಾರ್ಜರ್ ಬಂದಿವೆ, ಆದ್ರೆ ಶನಿವಾರ ಭಾನುವಾರ ಟೂರಿಸ್ಟ್ ಗಾಡಿಗಳ ನಡುವೆ ಕ್ಯೂ ನಿಲ್ಬೇಕು, ರೇಟೂ ಮನೆ ಕರೆಂಟಿಗಿಂತ ಮೂರು ಪಟ್ಟು ಅಂದ್ಕೊಳ್ಳಿ. ನೀವು ಜಾಸ್ತಿ ಹೋಗೋ ದಾರಿಲಿರೋ ಎರಡು ಚಾರ್ಜರ್ ಹತ್ರ ಈಗಿರೋ ಗಾಡೀಲೇ ಹೋಗಿ ನೋಡಿ ಬನ್ನಿ, ಓಡ್ತಿದ್ಯಾ ಕೆಟ್ಟಿದ್ಯಾ ಅಂತ ಅಲ್ಲಿ ನಿಂತಿರೋ ಡ್ರೈವರ್‌ಗಳೇ ಹೇಳ್ತಾರೆ.

ಮಳೆ, ಕೆಸರು, ಹೊಳೆ

ಬ್ಯಾಟರಿಗೆ ಐಪಿ 67 ಅಂತ ಇರುತ್ತೆ, ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇಟ್ರೂ ಒಳಗೆ ನೀರು ಹೋಗಬಾರ್ದು ಅಂತ. ಮಳೇಲಿ ಓಡ್ಸೋಕೆ, ಚಾರ್ಜ್ ಮಾಡೋಕೆ ಭಯ ಬೇಡ. ಹಾಗಂತ ಕರಡಿಗೋಡು ಕಡೆ ಕಾವೇರಿ ಉಕ್ಕಿದಾಗ ನೀರಿಗೆ ಇಳಿಸೋ ಧೈರ್ಯ ಯಾವ ಕಾರಲ್ಲೂ ಬೇಡ. ಹೊಳೆ ಬದಿ ಮನೆಯವರು ಚಾರ್ಜಿಂಗ್ ಪಾಯಿಂಟನ್ನ 2019ರಲ್ಲಿ ನೀರು ಬಂದ ಗುರುತಿಗಿಂತ ಮೇಲೆ ಹಾಕ್ಸಿ.

ತೋಟದ ಮಣ್ಣು ರೋಡಿಗೆ ಫ್ಯಾಮಿಲಿ ಇವಿ ಜೀಪಿನ ಬದಲಿ ಅಲ್ಲ. ಬ್ಯಾಟರಿ ಭಾರ ಇರುತ್ತೆ, ಜಾಸ್ತಿ ಗಾಡಿಗಳಲ್ಲಿ ಎಳೆಯೋದು ಮುಂದಿನ ಎರಡು ಚಕ್ರ ಅಷ್ಟೇ, ಆಕ್ಸಿಲರೇಟರ್ ಮುಟ್ಟಿದ ಕೂಡ್ಲೇ ಪೂರ್ತಿ ಬಲ ಬರೋದ್ರಿಂದ ಕೆಸರಲ್ಲಿ ಚಕ್ರ ತಿರುಗಿದಲ್ಲೇ ತಿರುಗುತ್ತೆ. ಮತ್ತೊಂದು, ಸಿದ್ದಾಪುರ ಅಮ್ಮತ್ತಿ ಕಡೆ ಆನೆ ಓಡಾಡೋ ತೋಟದ ದಾರಿಲಿ ಈ ಗಾಡಿ ಸದ್ದಿಲ್ದೆ ತಿರುವಲ್ಲಿ ಎದುರಾಗುತ್ತೆ, ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಮಕ್ಕಳಿಗೂ ಬಂದಿದ್ದು ಕೇಳ್ಸಲ್ಲ, ನಿಧಾನಕ್ಕೆ ಹೋಗಿ, ತಿರುವಲ್ಲಿ ಹಾರ್ನ್ ಹಾಕಿ.

ಇಷ್ಟಾದ್ಮೇಲೆ ತೀರ್ಮಾನ ಕಷ್ಟ ಇಲ್ಲ. ಮನೇಲಿ ಜೀಪೋ ಹಳೇ ಪೆಟ್ರೋಲ್ ಕಾರೋ ಇದೆ, ತಿಂಗಳಿಗೆ 800–1000 ಕಿ.ಮೀ. ಓಡಾಟ ಇದೆ, ಕರೆಂಟ್ ಒಂದೆರಡು ದಿನದಲ್ಲಿ ವಾಪಸ್ ಬರುತ್ತೆ, ಅಂಥ ಮನೆ ಧೈರ್ಯವಾಗಿ ತಗೊಳ್ಳಿ, ನಮ್ಮ ಹವಾನೂ ಬ್ಯಾಟರಿಗೆ ಒಳ್ಳೇದು, ಸುಡೋ ಬಿಸಿಲಿಲ್ಲ. ಇರೋದು ಒಂದೇ ಗಾಡಿ, ಮನೇಲಿ ವಯಸ್ಸಾದೋರಿದ್ದಾರೆ, ಮಳೆಗಾಲದಲ್ಲಿ ವಾರಗಟ್ಲೆ ಕತ್ತಲೆ ಅಂದ್ರೆ ಈ ವರ್ಷ ಬೇಡ, ಯಾರೇ ಒತ್ತಾಯ ಮಾಡ್ಲಿ. ತಗೊಂಡೋರೂ ಜೂನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿ ಶೇ 60ಕ್ಕಿಂತ ಕೆಳಗೆ ಇಳಿಸದಿರೋ ಅಭ್ಯಾಸ ಮಾಡ್ಕೊಳ್ಳಿ, ರಾತ್ರಿ ಎರಡು ಗಂಟೆಗೆ ಮೈಸೂರಿಗೆ ಹೊರಡ್ಬೇಕಾಗಿ ಬಂದಾಗ ಚಾರ್ಜ್ ಹಾಕೋಕೆ ಟೈಮ್ ಇರಲ್ಲ.

ಟೆಸ್ಟ್ ಡ್ರೈವನ್ನ ಶೋರೂಮ್ ಮುಂದಿನ ಟಾರ್ ರೋಡಲ್ಲಿ ಮುಗಿಸ್ಬೇಡಿ. ಮನೆಯವರೆಲ್ಲಾ ಕೂತು, ಅಜ್ಜಿನೂ ಸೇರಿಸಿ, ಗಾಡೀನ ನಿಮ್ಮ ಗೇಟಿನವರೆಗೆ ತರ್ಸಿ, ಗೇಟಿನ ಮುಂದಿನ ಏರು ಹತ್ತಿ ನೋಡಿ, ಅಡಿ ತಾಗುತ್ತಾ ಗಮನಿಸಿ, ನಿಮ್ಮನೆ ಪಾಯಿಂಟಿಗೇ ಚಾರ್ಜರ್ ಹಾಕಿ ಹಸಿರು ಲೈಟ್ ಬರುತ್ತಾ ನೋಡಿ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಅದಕ್ಕಿಂತ ಜಾಸ್ತಿ ಅಂತ ಹೇಳಿದ್ರೆ ಮೊದಲ ಓನರಿಗೆ ಮಾತ್ರಾನಾ ಅಂತ ಕೇಳಿ. ಇಲಿ ವೈರ್ ಕಡಿದ್ರೆ ಇನ್ಶೂರೆನ್ಸ್ ಕೊಡುತ್ತಾ, ತೋಟದ ಮನೇಲಿ ಇದು ಸಣ್ಣ ಪ್ರಶ್ನೆ ಅಲ್ಲ. ಕೊನೇದಾಗಿ, ಈ ಗಾಡಿ ಕೆಟ್ಟು ನಿಂತ್ರೆ ಹಗ್ಗ ಕಟ್ಟಿ ಎಳೆಯೋ ಹಾಗಿಲ್ಲ, ಫ್ಲಾಟ್‌ಬೆಡ್ ಮೇಲೆ ಹಾಕ್ಕೊಂಡೇ ಹೋಗ್ಬೇಕು, ಅದು ನಿಮ್ಮ ಊರಿಗೆ ಎಲ್ಲಿಂದ ಬರುತ್ತೆ, ಎಷ್ಟು ಗಂಟೆ ಹಿಡಿಯುತ್ತೆ, ಇವಿ ಕಲಿತ ಮೆಕ್ಯಾನಿಕ್ ಜಿಲ್ಲೆ ಒಳಗೇ ಇದ್ದಾರಾ ಇಲ್ಲಾ ಮೈಸೂರಿಗೇ ಸಾಗಿಸ್ಬೇಕಾ, ಇದಕ್ಕೆ ಡೀಲರ್ ಬಾಯಿಮಾತಲ್ಲಿ ಹೇಳೋ ಉತ್ತರ ಬೇಡ, ಮೇಲ್ ಮಾಡಿ ಅನ್ನಿ, ಆ ಮೇಲ್ ಬಂದ್ಮೇಲೆ ಅಡ್ವಾನ್ಸ್ ಕೊಡಿ.