ಮರದ ಬಾತು ವಾಲದೆ ತೇಲಲು
ಬೇಟೆಯಲ್ಲಿ ನಿಜವಾದ ಬಾತುಗಳನ್ನು ಸೆಳೆಯಲು ಮರದ ನಕಲಿ ಬಾತುಕೋಳಿ ಕೆತ್ತುವವರು ಬಣ್ಣ ಹಚ್ಚುವ ಮೊದಲೇ ಅದನ್ನು ತೇಲಿಸಿ ನೋಡಿ. ಸೀಸದ ತೂಕವನ್ನು ಸುಮ್ನೆ ಅಂದಾಜಿನಲ್ಲಿ ಮೊಳೆ ಹೊಡೆದು ಕೂರಿಸಬೇಡಿ. ನಾನು ಹಾಗೆ ಮಾಡಿ, ಎಲ್ಲವನ್ನೂ ಕಿತ್ತು ಮತ್ತೆ ಹಾಕಬೇಕಾಯಿತು.

ತೂಕವನ್ನು ಹೊಟ್ಟೆಯಡಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ನೀರಿನ ಟಬ್ಬಿನಲ್ಲಿ ಬಿಡಿ. ಎದೆ ಮುಳುಗಿದರೆ ತೂಕವನ್ನು ಬಾಲದ ಕಡೆ ಒಂದು ಬೆರಳಷ್ಟು ಸರಿಸಿ. ಬಲಕ್ಕೆ ವಾಲಿದರೆ ಎಡಕ್ಕೆ. ಸರಿಹೋದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಮಗುಚಿ ಬಿಡಿ, ತಾನಾಗೇ ಹೊರಳಿ ನೆಟ್ಟಗಾಗಬೇಕು. ಆಗದಿದ್ದರೆ ತೂಕ ಇನ್ನೂ ಕೆಳಗೆ ಬರಬೇಕು, ಹೊಟ್ಟೆಯಡಿ ಉದ್ದಕ್ಕೆ ಕೂರಿಸುವ ಅಡಿಪಟ್ಟಿ ಸ್ವಲ್ಪ ಆಳವಾಗಿರಲಿ.

ಮರದ ಎಳೆಗೆ ಅಡ್ಡವಾಗಿ ಕತ್ತರಿಸಿದ ತುದಿಗಳೇ ಜಾಸ್ತಿ ನೀರು ಕುಡಿಯುವುದು, ಅಲ್ವಾ? ಅಲ್ಲಿ ಸೀಲರ್ (ನೀರು ಒಳಗಿಳಿಯದಂತೆ ತಡೆಯುವ ಲೇಪ) ಇನ್ನೊಂದು ಸಲ ಹಚ್ಚಿ. ಬಣ್ಣ ಮಾತ್ರ ಹೊಳಪಿಲ್ಲದ್ದೇ ಇರಲಿ.