ಟೊಮೆಟೊ ಲೆಕ್ಕದಿಂದಲೇ ಪೈಥಾನ್ ಕಲಿಯಿರಿ

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಹೊರಟಿರುವ ನಮ್ಮ ಕೋಲಾರದ ವಿದ್ಯಾರ್ಥಿಗಳು, ವಿಡಿಯೊ ಪಾಠಗಳೆಲ್ಲ ಮುಗಿಯಲಿ ಎಂದು ಕಾಯದೆ, ಮನೆಯವರ ಉಪಯೋಗಕ್ಕೆ ಬರುವ ಒಂದು ಪುಟ್ಟ ಪ್ರೋಗ್ರಾಂ ಬರೆಯಲು ಈಗಲೇ ತೊಡಗಬೇಕೆಂದು ಕೇಳಿಕೊಳ್ಳುತ್ತೇನೆ. ಎಪಿಎಂಸಿಗೆ ಟೊಮೆಟೊ ಹಾಕುವ ಮನೆಯಾದರೆ, 15 ಕೆಜಿ ಬಾಕ್ಸ್‌ಗಳ ಸಂಖ್ಯೆ, ಆ ದಿನದ ಹರಾಜಿನ ದರ, ಕೂಲಿ ಮತ್ತು ಗಾಡಿ ಬಾಡಿಗೆಯನ್ನು ಕೇಳಿ, ಕೈಗೆ ಉಳಿಯುವ ಹಣವನ್ನು ತೋರಿಸುವಷ್ಟು ಸಾಕು. ಮೊದಲ ತೊಡಕು ಇಲ್ಲಿಯೇ ಎದುರಾಗುತ್ತದೆ: ನಾವು ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಪೈಥಾನ್‌ನ ‘ಇನ್‌ಪುಟ್’ (input) ಆದೇಶ ಕೊಡುವುದು ಸಂಖ್ಯೆಯನ್ನಲ್ಲ, ಪಠ್ಯವನ್ನು, ಆದ್ದರಿಂದ ಮೊದಲ ಲೋಡಿನ 40 ಬಾಕ್ಸ್‌ಗೆ ಎರಡನೆಯದರ 25 ಕೂಡಿಸಿದರೆ ಎರಡೂ ಅಕ್ಕಪಕ್ಕ ಜೋಡಿಕೊಂಡು 65ರ ಬದಲು 4025 ಬರುತ್ತದೆ. ‘ಇಂಟ್’ (int) ಎಂಬ ಆದೇಶ ಬಳಸಿ ಅದನ್ನು ಸಂಖ್ಯೆಯಾಗಿಸಬೇಕೆಂದು ಹೀಗೆ ತಾವೇ ಕಂಡುಕೊಂಡವರು ಮರೆಯುವುದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಲೆಕ್ಕ ಸರಿಬಂದ ಮೇಲೆ ದಿನದಿನದ ವಿವರವನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ) ಕಡತದಲ್ಲಿ ಉಳಿಸುವುದನ್ನು ಸೇರಿಸಿ. ಆ್ಯಪ್ ಮಾಡುವ ಆಸೆ ಸದ್ಯಕ್ಕೆ ಬೇಡ.