ಹತ್ತು ನಿಮಿಷದ ಕೈ ಮಸಾಜ್

"ಮಾರ್ಫಿನ್‌ನಂಥ ಬಲವಾದ ನೋವಿನ ಔಷಧಿಗೂ ಜಗ್ಗದ ನೋವು ಕೈ ಒತ್ತಿದರೆ ಹೋಗುತ್ತಾ?" ಎಂದು ಕ್ಯಾನ್ಸರ್ ರೋಗಿಗಳಿರುವ ನಮ್ಮ ವಾರ್ಡಿನ ಹಿರಿಯ ಡಾಕ್ಟರು ಕೇಳಿದ್ದರು. ಈಗ ರೌಂಡ್ಸ್‌ನಲ್ಲಿ ಅವರೇ "ಮೂರನೇ ಬೆಡ್‌ಗೆ ಮಸಾಜ್ ಆಯ್ತಾ?" ಎನ್ನುತ್ತಾರೆ. ಇಲ್ಲಿಗೆ ಬರಲು ಎರಡು ವರ್ಷ ಹಿಡಿಯಿತು.

ಮೊದಲ ವರ್ಷ ಬರೀ ತಪ್ಪು. ದಾನಿಯೊಬ್ಬರು ಕೊಟ್ಟ ಹಣದಲ್ಲಿ ಮುಕ್ಕಾಲು ಪಾಲು ಸುವಾಸನೆ ಹರಡುವ ಡಿಫ್ಯೂಸರ್‌ಗೆ, ಎಣ್ಣೆಗೆ ಹೋಯಿತು. ಲ್ಯಾವೆಂಡರ್ ಒಬ್ಬರಿಗೆ ಹಿತ, ಪಕ್ಕದವರಿಗೆ ವಾಂತಿ. ಕೀಮೋ (ಕ್ಯಾನ್ಸರ್‌ನ ಔಷಧಿ ಚಿಕಿತ್ಸೆ) ಆದವರಲ್ಲಿ ಅನೇಕರಿಗೆ ವಾಸನೆ ತಡೆಯಲಾಗದು. ವಾರ್ಡಿನ ಗಾಳಿ ಎಲ್ಲರದ್ದೂ ಅಲ್ವಾ? ಎದ್ದು ಆಚೆ ಹೋಗಲು ಅವರಿಂದ ಆಗದು. ಈಗ ಕೇಳಿದವರಿಗೆ ಮಾತ್ರ, ಹತ್ತಿಯ ಮೇಲೆ ಒಂದೇ ಹನಿ. ಬೇಡವೆಂದರೆ ತಕ್ಷಣ ಎತ್ತಿಡಬಹುದು.

ಉಳಿದ ಹಣದಲ್ಲಿ ಹೊರಗಿನ ಮಸಾಜ್ ಥೆರಪಿಸ್ಟ್ ಒಬ್ಬರನ್ನು ಕರೆಸಿದೆವು. ಅವರು ಬರುವ ಹೊತ್ತಿಗೆ ರೋಗಿ ನಿದ್ದೆಯಲ್ಲಿರುತ್ತಿದ್ದರು, ಇಲ್ಲವೇ ಸುಸ್ತಾಗಿರುತ್ತಿದ್ದರು. ಬಂದಿದ್ದಕ್ಕೆ ಫೀಸು ಕೊಡಲೇಬೇಕು. ನಾಲ್ಕು ತಿಂಗಳಲ್ಲಿ ದುಡ್ಡು ಖಾಲಿ.

ಆಮೇಲೆ ಎಲ್ಲ ಬಿಟ್ಟು ಕೈ ಮಾತ್ರ ಹಿಡಿದೆ. ವಾಸನೆಯಿಲ್ಲದ ಎಣ್ಣೆ, ಹತ್ತು ನಿಮಿಷ, ಒತ್ತದೆ ಸವರುವುದು. ಮೊದಲು ಮತ್ತು ನಂತರ, ನೋವು ಎಷ್ಟು, ಆತಂಕ ಎಷ್ಟು ಎಂದು 0ರಿಂದ 10ರವರೆಗಿನ ಅಂಕಿ ಕೇಳಿ ಫೈಲಿನಲ್ಲಿ ಬರೆಯುವುದು. ಸುಮಾರು 60 ಜನರಲ್ಲಿ 40ರಷ್ಟು ಮಂದಿಗೆ ಎರಡು ಮೂರು ಅಂಕಿ ಇಳಿಯಿತು. ನೋವಿನದ್ದಲ್ಲ, ಆತಂಕದ್ದು. ನೋವು ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಗಾಗಿ ಮಾರ್ಫಿನ್ ಪ್ರಮಾಣ ಬದಲಿಸಲಿಲ್ಲ. ಇದನ್ನು ಮುಚ್ಚಿಡದೆ ತೋರಿಸಿದ ಮೇಲೆಯೇ ಡಾಕ್ಟರು ಒಪ್ಪಿದ್ದು. ಗಡ್ಡೆಯಿರುವ ಜಾಗ, ಊದಿದ ಕೈ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ತೀರ ಕಡಿಮೆ ಇರುವವರು, ಇಲ್ಲೆಲ್ಲ ಮಸಾಜ್ ಮಾಡುವುದಿಲ್ಲ.

ಶುರುವಿನ ಒಂದು ನಿಮಿಷದಲ್ಲಿ ನಾನೇನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಪಕ್ಕದಲ್ಲಿ ನಿಂತೇ ಕಲಿಯಬೇಕು. ನನ್ನ ಜೊತೆಯ ಆರು ನರ್ಸ್‌ಗಳು ಹಾಗೇ ಕಲಿತರು. ಮನೆಯವರಿಗೂ ಕಲಿಸುತ್ತೇವೆ. ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ ಮಗನೊಬ್ಬ ಕೊನೆಯ ವಾರ ಪೂರ್ತಿ ಅಪ್ಪನ ಕೈ ಬಿಡಲಿಲ್ಲ. ನಾನು ಮಾಡಿದ್ದಕ್ಕಿಂತ ಅವನದ್ದೇ ಚೆನ್ನಾಗಿತ್ತು.

ನಡುವೆ ಬೇರೆಯದನ್ನೂ ನೋಡಿದೆ. ಉಸಿರು ಕಟ್ಟಿದಂತಾದಾಗ ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನ ಗಾಳಿಯನ್ನು ಕೆನ್ನೆ, ಮೂಗಿನ ಕಡೆ ಬಿಟ್ಟರೆ ತುಂಬ ಜನರಿಗೆ ಹಗುರವಾಗುತ್ತದೆ. ಇಷ್ಟು ಅಗ್ಗದ ಸಾಧನವನ್ನು ನಾನು ಮೊದಲೇ ಹಿಡಿಯಬೇಕಿತ್ತು. ವಾಕರಿಕೆಗೆ ಮಣಿಕಟ್ಟಿನ ಒಳಭಾಗದಲ್ಲಿ, ಮೂರು ಬೆರಳು ಮೇಲಕ್ಕೆ ಒತ್ತುವ ಪಟ್ಟಿಯ ಪ್ರಯೋಗ ಇನ್ನೂ ನಡೆದಿದೆ. 12 ಜನರಿಗೆ ಕಟ್ಟಿದ್ದೆ. ಅಂಕಿ ಅಷ್ಟೇನೂ ಇಳಿದಿಲ್ಲ, ಆದರೆ ಐವರು ಪಟ್ಟಿ ಬಿಚ್ಚಲು ಬಿಡಲಿಲ್ಲ.